ಕಾವಲುಗಾರನನ್ನು ಸಾಯಿಸಿ ಎಬ್ಬಿಸುವುದು: ಫೌಂಡ್ರಿಯಲ್ಲಿ ಅನ್‌ಡೆಡ್ ಪಾತ್ರ ಕಟ್ಟುವ ಕೆಲಸದ ದಾಖಲೆ

ಫೌಂಡ್ರಿ ಎಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಂಥ ಪಾತ್ರಾಭಿನಯದ ಆಟವನ್ನು ಕಂಪ್ಯೂಟರಿನಲ್ಲಿ ಆಡಿಸುವ ಸಾಫ್ಟ್‌ವೇರ್. ಅದರಲ್ಲಿ ಪಾತ್ರದ ಹಾಳೆಯ ಟೈಪ್ ಖಾನೆಯಲ್ಲಿ ‘ಹ್ಯೂಮನಾಯ್ಡ್’ (ಮನುಷ್ಯರಂಥದ್ದು) ತೆಗೆದು ‘ಅನ್‌ಡೆಡ್’ (ಸತ್ತೂ ಓಡಾಡುವಂಥದ್ದು) ಆರಿಸಿದ ಮಾತ್ರಕ್ಕೆ ಪಾತ್ರ ಸಾಯುವುದಿಲ್ಲ. ಫೌಂಡ್ರಿ ಆ ಪದವನ್ನು ಹೆಸರಿನ ಕೆಳಗೆ ತೋರಿಸುತ್ತದೆ, ಅಷ್ಟೇ. ವಿಷ ಮೊದಲಿನಂತೆ ತಾಗುತ್ತದೆ, ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ, ಹಿಟ್ ಪಾಯಿಂಟ್ (ಉಳಿದ ಪ್ರಾಣಶಕ್ತಿಯ ಅಂಕಿ) ಸೊನ್ನೆಗೆ ಬಿದ್ದ ಜಾಂಬಿ ಮತ್ತೆ ಏಳುವುದಿಲ್ಲ. ಅನ್‌ಡೆಡ್ ಅನ್ನುವುದು ಒಂದು ಗುಣವಲ್ಲ, ಹತ್ತು ಹನ್ನೆರಡು ಸಣ್ಣ ಗುಣಗಳ ಕಂತೆ. ಅವುಗಳಲ್ಲಿ ಸಾಫ್ಟ್‌ವೇರ್ ತಾನೇ ಲೆಕ್ಕ ಹಾಕುವವು ಕೆಲವು, ಗುಂಡಿ ಒತ್ತಿದರೆ ಮಾತ್ರ ನಡೆಯುವವು ಕೆಲವು, ಬರೀ ಬರಹವಾಗಿ ಉಳಿಯುವವು ಕೆಲವು. ಯಾವುದು ಯಾವ ಗುಂಪಿನದು ಎಂದು ಮೊದಲೇ ವಿಂಗಡಿಸಿಕೊಂಡರೆ ಕೆಲಸ ಅರ್ಧ ಮುಗಿದಂತೆ.

ಇಲ್ಲಿ ಬಳಸಿರುವುದು ಫೌಂಡ್ರಿ ವರ್ಚುವಲ್ ಟೇಬಲ್‌ಟಾಪ್‌ನ 12ನೇ ಆವೃತ್ತಿ ಮತ್ತು ಡಿಎನ್‌ಡಿ5ಇ ಸಿಸ್ಟಂನ (ಆಟದ ನಿಯಮಗಳನ್ನು ಫೌಂಡ್ರಿಗೆ ತುಂಬುವ ಭಾಗ) 4ನೇ ಸರಣಿ. ನಿಯಮಗಳು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 5ನೇ ಆವೃತ್ತಿಯವು, ಅಂದರೆ 2014ರವು. 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟ ಎಸ್‌ಆರ್‌ಡಿ 5.1ರಲ್ಲಿ (ಆಟದ ಮೂಲ ನಿಯಮಗಳ ಮುಕ್ತ ದಾಖಲೆ) ಕಾವಲುಗಾರ, ಸ್ಕೆಲಿಟನ್, ಜಾಂಬಿ ಮೂರರ ಅಂಕಿಗಳೂ ಇವೆ. ಸಿಸ್ಟಂ ಜೊತೆಗೇ ಬರುವ ಕಂಪೆಂಡಿಯಂ ಎಂಬ ಸಂಗ್ರಹದಲ್ಲಿ ಅವು ಸಿದ್ಧವಾಗಿ ಸಿಗುತ್ತವೆ. ಬದುಕಿದ್ದವನನ್ನು ಅಸ್ಥಿಪಂಜರವಾಗಿಸುವ ಕೂಡು-ಕಳೆ ಪಟ್ಟಿ ಮಾತ್ರ 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿದೆ, ಅದನ್ನು ಕೈಯಲ್ಲೇ ತುಂಬಬೇಕು. ‘ಅನ್‌ಡೆಡ್’ ಪದವನ್ನು ಹಾಗೇ ಇಟ್ಟುಕೊಳ್ಳುವುದು ಒಳ್ಳೆಯದು. ಪ್ರೇತ ಎಂದರೆ ದೇಹ ಇಲ್ಲದ್ದು ಕಣ್ಣಮುಂದೆ ಬರುತ್ತದೆ. ಇಲ್ಲಿ ತಲೆನೋವೆಲ್ಲ ದೇಹದ್ದೇ.

ವಿಂಗಡಣೆ

ತಾನಾಗಿ ಲೆಕ್ಕಕ್ಕೆ ಬರುವವು: ಎಬಿಲಿಟಿ ಸ್ಕೋರ್‌ಗಳ (ಬಲ, ಚುರುಕು, ಬುದ್ಧಿಯಂಥ ಆರು ಗುಣಗಳ ಅಂಕಿ) ಏರಿಳಿತ, ವಿಷದ ಡ್ಯಾಮೇಜ್ (ಪೆಟ್ಟು) ತಾಗದಿರುವುದು, ಪಾಯ್ಸನ್ಡ್ (ವಿಷ ಏರಿದ) ಮತ್ತು ಎಕ್ಸಾಶನ್ (ದಣಿದ) ಸ್ಥಿತಿ ಹತ್ತದಿರುವುದು, ಜಜ್ಜುವ ಏಟಿಗೆ ದುಪ್ಪಟ್ಟು ಪೆಟ್ಟು, 60 ಅಡಿ ಡಾರ್ಕ್‌ವಿಷನ್. ಗುಂಡಿ ಒತ್ತಿ ನಡೆಸಬೇಕಾದ್ದು ಮುಖ್ಯವಾಗಿ ಒಂದೇ, ಜಾಂಬಿಯ ಅನ್‌ಡೆಡ್ ಫಾರ್ಟಿಟ್ಯೂಡ್. ಬರೀ ಬರಹದವು: ಉಸಿರು, ಊಟ, ನಿದ್ದೆ ಬೇಡ, ಬದುಕಿದ್ದಾಗ ಗೊತ್ತಿದ್ದ ಭಾಷೆ ಅರ್ಥವಾಗುತ್ತದೆ, ಮಾತಾಡಲು ಆಗುವುದಿಲ್ಲ. ಬರಹದವನ್ನೂ ಆಟೊಮೇಟ್ ಮಾಡಲು ಹೋಗಿ ದಿನವಿಡೀ ಕಳೆಯುವವರಿದ್ದಾರೆ. ಉಸಿರುಗಟ್ಟುವ ಪ್ರಸಂಗ ಒಂದು ಅಭಿಯಾನದಲ್ಲಿ ಎರಡು ಸಲ ಬಂದರೆ ಹೆಚ್ಚು, ಅದಕ್ಕೆ ಒಂದು ಸಾಲು ವಿವರಣೆ ಸಾಕು.

ಸ್ಕೆಲಿಟನ್ ಐಟಂ

ಹಾಳೆಯ ಮೇಲೆ ನೇರವಾಗಿ ಅಂಕಿ ತಿದ್ದಬೇಡಿ. ಐಟಮ್ಸ್ ಪಟ್ಟಿಯಲ್ಲಿ ಫೀಚರ್ ಮಾದರಿಯ ಹೊಸ ಐಟಂ ಮಾಡಿ, ಅದರ ಎಫೆಕ್ಟ್ಸ್ ಪುಟದಲ್ಲಿ ಪ್ಯಾಸಿವ್ ಸಾಲಿನ ಕೂಡಿಸು ಗುರುತು ಒತ್ತಿ ಒಂದು ಆಕ್ಟಿವ್ ಎಫೆಕ್ಟ್ (ಪಾತ್ರದ ಅಂಕಿಗಳನ್ನು ತಾನಾಗಿ ಬದಲಿಸುವ ಭಾಗ) ಸೇರಿಸಿ. ಎಫೆಕ್ಟ್ ತೆರೆದಾಗ ವಿವರಗಳ ಪುಟದಲ್ಲಿ ‘ಅಪ್ಲೈ ಎಫೆಕ್ಟ್ ಟು ಆಕ್ಟರ್’ ಎಂಬ ಚೌಕ ಕಾಣುತ್ತದೆ. ಅದಕ್ಕೆ ಟಿಕ್ ಇರಲೇಬೇಕು. ಟಿಕ್ ಇಲ್ಲದಿದ್ದರೆ ಐಟಂ ಪಾತ್ರದ ಮೇಲೆ ಬಂದು ಕೂರುತ್ತದೆ, ಪಾತ್ರ ಮಾತ್ರ ಒಂದಿಷ್ಟೂ ಬದಲಾಗುವುದಿಲ್ಲ.

ಬದಲಾವಣೆಗಳ ಪುಟದಲ್ಲಿ ಪ್ರತಿ ಸಾಲಿಗೆ ಮೂರು ಖಾನೆ: ದಾರಿ, ವಿಧಾನ, ಬೆಲೆ. ದಾರಿ ಎಂದರೆ ದತ್ತಾಂಶದೊಳಗಿನ ವಿಳಾಸ. ವಿಷದ ಡ್ಯಾಮೇಜ್‌ಗೆ ಅದು ಸಿಸ್ಟಂ, ಟ್ರೇಟ್ಸ್, ಡಿಐ, ವ್ಯಾಲ್ಯೂ ಎಂಬ ನಾಲ್ಕು ಪದ. ನಡುವೆ ಚುಕ್ಕೆ, ಜಾಗ ಬಿಡುವಂತಿಲ್ಲ, ಎಲ್ಲ ಇಂಗ್ಲಿಷ್ ಸಣ್ಣಕ್ಷರ. ಸ್ಥಿತಿಗಳಿಗೆ ಮೂರನೇ ಪದ ಡಿಐ ಬದಲು ಸಿಐ, ದುರ್ಬಲತೆಗೆ ಡಿವಿ. ಎಬಿಲಿಟಿಗಳಿಗೆ ಸಿಸ್ಟಂ, ಎಬಿಲಿಟೀಸ್, ಮೂರಕ್ಷರದ ಸಂಕೇತ, ವ್ಯಾಲ್ಯೂ. ಡಾರ್ಕ್‌ವಿಷನ್‌ಗೆ ಸಿಸ್ಟಂ, ಆಟ್ರಿಬ್ಯೂಟ್ಸ್, ಸೆನ್ಸಸ್, ಡಾರ್ಕ್‌ವಿಷನ್. ಸಿಸ್ಟಂನ ಮುಂದಿನ ಸರಣಿಗಳಲ್ಲಿ ಈ ವಿಳಾಸಗಳು ಬದಲಾಗಬಹುದು, ಅಪ್‌ಡೇಟ್ ಒತ್ತುವ ಮೊದಲು ಒಂದು ಪ್ರತಿ ಎತ್ತಿಡಿ.

ಸ್ಕೆಲಿಟನ್‌ಗೆ ಎಂಟು ಸಾಲು:

ಡೆಕ್ಸ್ಟೆರಿಟಿ, ಆ್ಯಡ್, 2
ಇಂಟೆಲಿಜೆನ್ಸ್, ಆ್ಯಡ್, −4
ಕರಿಸ್ಮಾ, ಆ್ಯಡ್, −4
ಡಿಐ, ಆ್ಯಡ್, ಪಾಯ್ಸನ್
ಸಿಐ, ಆ್ಯಡ್, ಪಾಯ್ಸನ್ಡ್
ಸಿಐ, ಆ್ಯಡ್, ಎಕ್ಸಾಶನ್
ಡಿವಿ, ಆ್ಯಡ್, ಬ್ಲಜನಿಂಗ್
ಡಾರ್ಕ್‌ವಿಷನ್, ಅಪ್‌ಗ್ರೇಡ್, 60

ನಾಲ್ಕನೇ ಮತ್ತು ಐದನೇ ಸಾಲಿನ ವ್ಯತ್ಯಾಸ ಗಮನಿಸಿ. ಡ್ಯಾಮೇಜ್ ಪಟ್ಟಿಯಲ್ಲಿ ವಿಷದ ಹೆಸರು ಪಾಯ್ಸನ್, ಸ್ಥಿತಿಗಳ ಪಟ್ಟಿಯಲ್ಲಿ ಪಾಯ್ಸನ್ಡ್. ಅದಲುಬದಲಾದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ, ಮೂರು ವಾರ ಕಳೆದು ಜೇಡ ಕಚ್ಚಿದಾಗ ಗೊತ್ತಾಗುತ್ತದೆ. ಆರನೇ ಸಾಲನ್ನು ಐದರ ಜೊತೆ ಕೂಡಿಸಿ ಅಲ್ಪವಿರಾಮ ಹಾಕಿ ಬರೆಯುವ ಆಸೆಯೂ ಬೇಡ. ಒಂದು ಬೆಲೆಗೆ ಒಂದು ಸಾಲು.

ವಿಧಾನ ಖಾನೆಯಲ್ಲಿ ಎಡವುವವರೇ ಹೆಚ್ಚು. ಡಾರ್ಕ್‌ವಿಷನ್‌ಗೆ ಆ್ಯಡ್ ಹಾಕಿದರೆ ಮೊದಲೇ 60 ಅಡಿ ಇರುವ ಎಲ್ಫ್ ಸತ್ತ ಮೇಲೆ 120 ಅಡಿ ನೋಡುತ್ತಾನೆ. ಅಪ್‌ಗ್ರೇಡ್ ಹಾಕಿದರೆ ಎರಡರಲ್ಲಿ ದೊಡ್ಡದು ಮಾತ್ರ ಉಳಿಯುತ್ತದೆ. ಡಿಐ ಸಾಲಿಗೆ ಓವರ್‌ರೈಡ್ ಹಾಕಿದರೆ ಇನ್ನೂ ಕೆಟ್ಟದು: ಬೆಂಕಿ ತಾಗದ ಜೀವಿಯನ್ನು ಅಸ್ಥಿಪಂಜರ ಮಾಡಿದ ಕ್ಷಣವೇ ಬೆಂಕಿಯ ರಕ್ಷಣೆ ಅಳಿದು ವಿಷದ್ದೊಂದೇ ಉಳಿಯುತ್ತದೆ. ಎಬಿಲಿಟಿಯ ಮಾಡಿಫೈಯರ್‌ಗೇ (ಸ್ಕೋರ್‌ನಿಂದ ಹುಟ್ಟಿ ದಾಳಕ್ಕೆ ಕೂಡುವ ಅಂಕಿ) ನೇರ ದಾರಿ ಬರೆದರೆ ಏನೂ ಆಗುವುದಿಲ್ಲ, ಏಕೆಂದರೆ ಎಫೆಕ್ಟ್‌ಗಳು ಕೂಡಿದ ಮೇಲೆ ಸ್ಕೋರ್‌ನಿಂದ ಮಾಡಿಫೈಯರನ್ನು ಸಿಸ್ಟಂ ಮತ್ತೆ ಹೊಸದಾಗಿ ಲೆಕ್ಕ ಹಾಕಿ ನಿಮ್ಮದನ್ನು ಒರೆಸುತ್ತದೆ. ಯಾವಾಗಲೂ ಸ್ಕೋರನ್ನೇ ಬದಲಿಸಿ.

ಪ್ರಾಣಿಗಳ ಮೇಲೆ ಈ ಐಟಂ ಎಳೆಯುವುದಾದರೆ ಒಂಬತ್ತನೇ ಸಾಲು ಬೇಕು. ಇಂಟೆಲಿಜೆನ್ಸ್ 3 ಇರುವ ತೋಳದಿಂದ 4 ಕಳೆದರೆ ಲೆಕ್ಕ −1ಕ್ಕೆ ಇಳಿಯುತ್ತದೆ. ಅದೇ ದಾರಿಗೆ ಅಪ್‌ಗ್ರೇಡ್, 1 ಎಂದು ಮತ್ತೊಂದು ಸಾಲು ಹಾಕಿ. ವಿಧಾನಗಳಿಗೆ ತಮ್ಮದೇ ಸರದಿ ಇದೆ. ಆ್ಯಡ್ ಮೊದಲು, ಅಪ್‌ಗ್ರೇಡ್ ಆಮೇಲೆ. ಆದ್ದರಿಂದ ಕಳೆದು ಮುಗಿದ ಮೇಲೆ 1 ಎಂಬ ತಳ ಸಿಗುತ್ತದೆ, ಸಾಲು ಪಟ್ಟಿಯಲ್ಲಿ ಎಲ್ಲಿದ್ದರೂ ಪರವಾಗಿಲ್ಲ.

ಕಾವಲುಗಾರನ ಮೇಲೆ ಪ್ರಯೋಗ

ಎಸ್‌ಆರ್‌ಡಿ ಕಾವಲುಗಾರ: ಆರ್ಮರ್ ಕ್ಲಾಸ್ (ಹೊಡೆತ ತಾಗಲು ಮುಟ್ಟಬೇಕಾದ ಅಂಕಿ) 16, ಹಿಟ್ ಪಾಯಿಂಟ್ 11 (2ಡಿ8+2, ಅಂದರೆ ಎಂಟು ಮುಖದ ಎರಡು ದಾಳ ಮತ್ತು 2), ಸ್ಟ್ರೆಂತ್ 13, ಡೆಕ್ಸ್ಟೆರಿಟಿ 12, ಕಾನ್‌ಸ್ಟಿಟ್ಯೂಶನ್ 12, ಇಂಟೆಲಿಜೆನ್ಸ್ 10, ವಿಸ್ಡಮ್ 11, ಕರಿಸ್ಮಾ 10, ಚಾಲೆಂಜ್ (ಎದುರಾಳಿ ಎಷ್ಟು ಕಠಿಣ ಎಂಬ ಅಂಕಿ) 1/8. ಅಂಕಿಗಳು ಸಾಧಾರಣವಾಗಿರುವುದರಿಂದ ಪರೀಕ್ಷೆಗೆ ಇವನೇ ಸರಿ. ಏನು ಬದಲಾಯಿತು ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. ಕಂಪೆಂಡಿಯಂನಿಂದ ಆಕ್ಟರ್ಸ್ ಪಟ್ಟಿಗೆ ಎಳೆದು ಮೂರು ಪ್ರತಿ ಮಾಡಿ. ಒಂದು ಹಾಗೇ ಇರಲಿ, ಒಂದು ಸ್ಕೆಲಿಟನ್‌ಗೆ, ಒಂದು ಜಾಂಬಿಗೆ.

ಸ್ಕೆಲಿಟನ್ ಐಟಂ ಎಳೆದು ಹಾಕಿದ ಮೇಲೆ ಡೆಕ್ಸ್ಟೆರಿಟಿ 14, ಇಂಟೆಲಿಜೆನ್ಸ್ 6, ಕರಿಸ್ಮಾ 6 ಕಾಣಬೇಕು. ಇನಿಶಿಯೇಟಿವ್ (ಕಾಳಗದ ಸರದಿ ನಿರ್ಧರಿಸುವ ಅಂಕಿ) +1ರಿಂದ +2ಕ್ಕೆ ಏರಬೇಕು. ಆರ್ಮರ್ ಕ್ಲಾಸ್ 17 ಆಗಬೇಕು: ಚೈನ್ ಶರ್ಟ್ 13, ಡೆಕ್ಸ್ಟೆರಿಟಿ 2, ಗುರಾಣಿ 2. ಇನ್ನೂ 16ರಲ್ಲೇ ನಿಂತಿದ್ದರೆ ಹಾಳೆಯ ಗುರಾಣಿ ಚಿಹ್ನೆ ಒತ್ತಿ ಲೆಕ್ಕದ ವಿಧಾನ ನೋಡಿ. ಅಲ್ಲಿ ‘ಫ್ಲ್ಯಾಟ್’ ಇದ್ದರೆ ಅದು ಗೋಡೆಗೆ ಬರೆದ ಅಂಕಿ, ಡೆಕ್ಸ್ಟೆರಿಟಿ ಎಷ್ಟು ಏರಿದರೂ ಅಲುಗಾಡುವುದಿಲ್ಲ. ತೊಟ್ಟ ಕವಚದ ಲೆಕ್ಕಕ್ಕೆ ಬದಲಿಸಿ, ಕವಚ ಮತ್ತು ಗುರಾಣಿ ಎರಡೂ ತೊಟ್ಟ ಸ್ಥಿತಿಯಲ್ಲಿವೆಯೇ ನೋಡಿ. ಈಟಿಯ ಹೊಡೆತ +3, 1ಡಿ6+1 ಹಾಗೇ ಇರುತ್ತದೆ. ಈಟಿಗೆ ಸ್ಟ್ರೆಂತ್ ಬೇಕು, ಅದನ್ನು ನಾವು ಮುಟ್ಟಿಲ್ಲ. ಹಿಟ್ ಪಾಯಿಂಟ್ ಕೂಡ 11ರಲ್ಲೇ ಸರಿ.

ಆರ್ಮರ್ ಕ್ಲಾಸ್ 17ರ ಈ ಎಲುಬಿನ ಕಾವಲುಗಾರನನ್ನು 1/8 ಚಾಲೆಂಜ್‌ನಲ್ಲೇ ಬಿಡುವುದು ಆಟಗಾರರಿಗೆ ಮೋಸ. ಎಸ್‌ಆರ್‌ಡಿಯ ಸ್ವಂತ ಸ್ಕೆಲಿಟನ್‌ಗೆ ಆರ್ಮರ್ ಕ್ಲಾಸ್ 13, ಹಿಟ್ ಪಾಯಿಂಟ್ 13, ಆದರೂ ಚಾಲೆಂಜ್ 1/4, ಅನುಭವ 50. ಇವನನ್ನೂ ಅಲ್ಲಿಗೇ ಏರಿಸಿ.

ಜಾಂಬಿ ಐಟಂ

ಜಾಂಬಿಯ ಸಾಲುಗಳು: ಸ್ಟ್ರೆಂತ್ +1, ಕಾನ್‌ಸ್ಟಿಟ್ಯೂಶನ್ +2, ಇಂಟೆಲಿಜೆನ್ಸ್ −6, ವಿಸ್ಡಮ್ −4, ಕರಿಸ್ಮಾ −4, ಜೊತೆಗೆ ಪಾಯ್ಸನ್, ಪಾಯ್ಸನ್ಡ್, ಡಾರ್ಕ್‌ವಿಷನ್. ಜಜ್ಜುವ ಏಟಿನ ದುರ್ಬಲತೆ ಇಲ್ಲ, ಎಕ್ಸಾಶನ್ ರಕ್ಷಣೆಯೂ ಇಲ್ಲ. ನಡಿಗೆಯನ್ನು ನಿಧಾನ ಮಾಡುವ ಸಾಲು ಪುಸ್ತಕದ ಪಟ್ಟಿಯಲ್ಲಿಲ್ಲ, ಆದರೆ ಎಸ್‌ಆರ್‌ಡಿ ಜಾಂಬಿ 20 ಅಡಿಯಲ್ಲೇ ನಡೆಯುತ್ತದೆ, ಆಟಗಾರರೂ ಅದನ್ನೇ ನಿರೀಕ್ಷಿಸುತ್ತಾರೆ. ವಾಕ್ ವೇಗಕ್ಕೆ ಡೌನ್‌ಗ್ರೇಡ್, 20 ಹಾಕಿ. ಓವರ್‌ರೈಡ್ ಹಾಕಿದರೆ 10 ಅಡಿ ತೆವಳುತ್ತಿದ್ದ ಜೀವಿ ಸತ್ತ ಮೇಲೆ ಚುರುಕಾಗುತ್ತದೆ.

ಕಾವಲುಗಾರನ ಮೇಲೆ ಹಾಕಿದಾಗ ಸ್ಟ್ರೆಂತ್ 14, ಈಟಿ +4, 1ಡಿ6+2. ವಿಸ್ಡಮ್ 7ಕ್ಕೆ ಇಳಿದು ಪ್ಯಾಸಿವ್ ಪರ್ಸೆಪ್ಶನ್ 12ರಿಂದ 10ಕ್ಕೆ ಬರುತ್ತದೆ. ಕಾನ್‌ಸ್ಟಿಟ್ಯೂಶನ್ 14. ಹಿಟ್ ಪಾಯಿಂಟ್ ಮಾತ್ರ 11ರಲ್ಲೇ ನಿಂತಿರುತ್ತದೆ! ಎನ್‌ಪಿಸಿ (ಆಟಗಾರರದ್ದಲ್ಲದ ಪಾತ್ರ) ಹಾಳೆಯಲ್ಲಿ ಗರಿಷ್ಠ ಹಿಟ್ ಪಾಯಿಂಟ್ ಬರೆದಿಟ್ಟ ಅಂಕಿ, ಕಾನ್‌ಸ್ಟಿಟ್ಯೂಶನ್‌ನಿಂದ ಹುಟ್ಟುವುದಲ್ಲ. ಸೂತ್ರದ ಖಾನೆಯಲ್ಲಿ 2ಡಿ8+2 ಇದ್ದುದನ್ನು 2ಡಿ8+4 ಮಾಡಿ, ಗರಿಷ್ಠವನ್ನು 13 ಎಂದು ನೀವೇ ಬರೆಯಬೇಕು. ಆಟಗಾರರ ಪಾತ್ರದಲ್ಲಿ ಇದು ತಿರುಗುಮುರುಗು: 5ನೇ ಹಂತದ ಫೈಟರ್‌ಗೆ ಕಾನ್‌ಸ್ಟಿಟ್ಯೂಶನ್ 14ರಿಂದ 16ಕ್ಕೆ ಏರಿದರೆ ಹಿಟ್ ಪಾಯಿಂಟ್ ತಾನಾಗಿ 5 ಹೆಚ್ಚುತ್ತದೆ, ಗರಿಷ್ಠದ ಖಾನೆಯಲ್ಲಿ ಯಾರೂ ಕೈಯಿಂದ ಅಂಕಿ ತುರುಕಿಲ್ಲದಿದ್ದರೆ.

ಅನ್‌ಡೆಡ್ ಫಾರ್ಟಿಟ್ಯೂಡ್: ಗುಂಡಿ ಮತ್ತು ಕೈಲೆಕ್ಕ

ನಿಯಮ ಹೀಗೆ: ಪೆಟ್ಟಿನಿಂದ ಹಿಟ್ ಪಾಯಿಂಟ್ 0 ಆದರೆ ಜಾಂಬಿ ಕಾನ್‌ಸ್ಟಿಟ್ಯೂಶನ್ ಸೇವ್ (ಪಾರಾಗಲು ಉರುಳಿಸುವ 20 ಮುಖದ ದಾಳ) ಹಾಕುತ್ತದೆ, ಡಿಸಿ (ಗೆಲ್ಲಲು ಮುಟ್ಟಬೇಕಾದ ಅಂಕಿ) 5 ಮತ್ತು ತಾಗಿದ ಡ್ಯಾಮೇಜ್‌ನ ಮೊತ್ತ. ಗೆದ್ದರೆ 1 ಹಿಟ್ ಪಾಯಿಂಟ್‌ನಲ್ಲಿ ಉಳಿಯುತ್ತದೆ. ರೇಡಿಯಂಟ್ (ಪವಿತ್ರ ಬೆಳಕಿನ) ಡ್ಯಾಮೇಜ್ ಅಥವಾ ಕ್ರಿಟಿಕಲ್ ಹೊಡೆತವಾದರೆ ಸೇವ್ ಇಲ್ಲ. ಇಲ್ಲಿ ಪದೇ ಪದೇ ಆಗುವ ತಪ್ಪು, ಸೊನ್ನೆಯಿಂದ ಕೆಳಗೆ ಎಷ್ಟು ಹೋಯಿತು ಎಂಬುದನ್ನು ಕೂಡುವುದು. 4 ಹಿಟ್ ಪಾಯಿಂಟ್ ಉಳಿದಿದ್ದ ಜಾಂಬಿಗೆ 14 ತಾಗಿದರೆ ಡಿಸಿ 15 ಅಲ್ಲ, 19.

ನಮ್ಮ ಕಾವಲುಗಾರ ಜಾಂಬಿಯ ಸೇವ್ +2. 5 ಡ್ಯಾಮೇಜ್‌ಗೆ ಡಿಸಿ 10, ದಾಳದಲ್ಲಿ 8 ಬೇಕು, ಏಳುವ ಸಾಧ್ಯತೆ 65%. 8ಕ್ಕೆ 50%. 14ಕ್ಕೆ 20%. 17ಕ್ಕೆ 20 ಬಿದ್ದರೆ ಮಾತ್ರ, ಅಂದರೆ 5%. 17 ದಾಟಿದ ಪೆಟ್ಟಿಗೆ ದಾಳ ಉರುಳಿಸುವುದೇ ವ್ಯರ್ಥ. ಈ ನಿಯಮಗಳಲ್ಲಿ ಸೇವ್‌ಗೆ 20 ಬಿದ್ದರೆ ತಾನಾಗಿ ಗೆಲುವಿಲ್ಲ. ಈ ಸಣ್ಣ ಪಟ್ಟಿಯನ್ನು ಐಟಂ ವಿವರಣೆಯಲ್ಲೇ ಅಂಟಿಸಿಡಿ, ಕಾಳಗದ ಮಧ್ಯೆ ಕೂಡುವುದು ತಪ್ಪುತ್ತದೆ.

ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಸೇವ್ ಮಾದರಿಯ ಆಕ್ಟಿವಿಟಿ (ಐಟಂ ಒತ್ತಿದಾಗ ನಡೆಯುವ ಕ್ರಿಯೆ) ಹೊಂದುವುದಿಲ್ಲ. ಅದು ಎದುರಾಳಿಯಿಂದ ಸೇವ್ ಕೇಳಲು ಮಾಡಿದ್ದು, ಡಿಸಿಯ ಸೂತ್ರಕ್ಕೆ ಆಗಷ್ಟೇ ತಾಗಿದ ಡ್ಯಾಮೇಜ್ ಗೊತ್ತಿರುವುದಿಲ್ಲ. ಯುಟಿಲಿಟಿ ಮಾದರಿಯ ಆಕ್ಟಿವಿಟಿ ಮಾಡಿ, ಒತ್ತಿದಾಗ ನಿಯಮದ ಸಾಲು ಚಾಟ್‌ನಲ್ಲಿ ಬಂದರೆ ಸಾಕು. ಸೇವನ್ನು ಹಾಳೆಯ ಕಾನ್‌ಸ್ಟಿಟ್ಯೂಶನ್ ಗುಂಡಿಯಿಂದಲೇ ಹಾಕಿ, ಗೆದ್ದರೆ 1 ಎಂದು ಕೈಯಲ್ಲಿ ಬರೆಯಿರಿ. ಸ್ಕ್ರಿಪ್ಟ್ ಬರೆದು ಪೂರ್ತಿ ತಾನಾಗಿ ಆಗುವಂತೆ ಮಾಡಬಹುದು, ಆದರೆ ರೇಡಿಯಂಟ್ ಮತ್ತು ಕತ್ತಿಪೆಟ್ಟು ಸೇರಿದ ಪ್ಯಾಲಡಿನ್‌ನ ಸ್ಮೈಟ್ ಬಂದಾಗ ತೀರ್ಪು ಹೇಗೂ ಆಟ ನಡೆಸುವ ಡಿಎಂನದ್ದೇ (ಡಂಜನ್ ಮಾಸ್ಟರ್). ರೇಡಿಯಂಟ್ ಒಂದು ಅಂಕಿಯಷ್ಟು ಸೇರಿದ್ದರೂ ಸೇವ್ ಇಲ್ಲ ಎಂದು ಮೊದಲೇ ಹೇಳಿಟ್ಟರೆ ವಾದ ಬೆಳೆಯುವುದಿಲ್ಲ.

ಆಟಗಾರನೇ ಸತ್ತವನಾದರೆ

ಇಲ್ಲಿ ಎನ್‌ಪಿಸಿಯ ಐಟಂ ಹಾಗೇ ಎಳೆದರೆ ಕೆಡುತ್ತದೆ. ಇಂಟೆಲಿಜೆನ್ಸ್ −4 ಬಿದ್ದ ವಿಜರ್ಡ್‌ಗೆ ಮಂತ್ರಗಳ ಡಿಸಿ 2 ಇಳಿಯುತ್ತದೆ, ಆ ಪಾತ್ರವನ್ನು ಯಾರೂ ಆಡುವುದಿಲ್ಲ. ಎಷ್ಟು ಸಲ ಬೇಕಾದರೂ ಏಳುವ ಫಾರ್ಟಿಟ್ಯೂಡ್ ಸಿಕ್ಕ ಫೈಟರ್‌ನನ್ನು ಯಾವ ವೈರಿಯೂ ಮಲಗಿಸಲಾರ. ಪ್ರಕಾಶಕರೇ 2021ರಲ್ಲಿ ತಂದ ರೀಬಾರ್ನ್ ವಂಶ ಈ ಎರಡನ್ನೂ ದೂರವಿಟ್ಟಿದೆ: ವಿಷಕ್ಕೆ ಪೂರ್ತಿ ರಕ್ಷಣೆ ಬದಲು ಅರ್ಧ, ಡೆತ್ ಸೇವ್‌ಗೆ (ಸೊನ್ನೆಗೆ ಬಿದ್ದಾಗ ಸಾವು-ಬದುಕಿನ ದಾಳ) ಅಡ್ವಾಂಟೇಜ್ (ಎರಡು ದಾಳ ಉರುಳಿಸಿ ದೊಡ್ಡದು), ಊಟ ಉಸಿರು ಬೇಡ, ಮತ್ತು ಟೈಪ್ ಹ್ಯೂಮನಾಯ್ಡ್ ಆಗಿಯೇ ಉಳಿಯುತ್ತದೆ. ಕೊನೆಯದು ಸಣ್ಣ ವಿಷಯವಲ್ಲ.

ಟೈಪ್ ನಿಜಕ್ಕೂ ಅನ್‌ಡೆಡ್ ಆದರೆ ಹೋಲ್ಡ್ ಪರ್ಸನ್, ಚಾರ್ಮ್ ಪರ್ಸನ್ ಮಂತ್ರಗಳು ತಾಗುವುದಿಲ್ಲ, ಖುಷಿ. ಆದರೆ ಗಾಯ ಮಾಯಿಸುವ ಮಂತ್ರಗಳಾದ 2014ರ ಕ್ಯೂರ್ ವೂಂಡ್ಸ್ ಮತ್ತು ಹೀಲಿಂಗ್ ವರ್ಡ್ ಎರಡೂ ಅನ್‌ಡೆಡ್ ಮೇಲೆ ಕೆಲಸ ಮಾಡುವುದಿಲ್ಲ. ಫೌಂಡ್ರಿಯ ಹೀಲ್ ಕಾರ್ಡ್ ಇದನ್ನು ಪರಿಶೀಲಿಸುವುದಿಲ್ಲ, ಒತ್ತಿದರೆ ಹಿಟ್ ಪಾಯಿಂಟ್ ಏರಿಸಿಯೇ ಬಿಡುತ್ತದೆ. ಇನ್ನೊಂದು: ಕ್ಲೆರಿಕ್ (ಪುರೋಹಿತ) ಅನ್‌ಡೆಡ್‌ಗಳನ್ನು ಓಡಿಸಲು ಬಳಸುವ ಟರ್ನ್ ಅನ್‌ಡೆಡ್ 30 ಅಡಿಯೊಳಗಿನ, ಕ್ಲೆರಿಕ್‌ನನ್ನು ಕಾಣುವ ಅಥವಾ ಕೇಳುವ ಪ್ರತಿ ಅನ್‌ಡೆಡ್‌ಗೂ ತಾಗುತ್ತದೆ. ತಮ್ಮವನು, ಬೇರೆಯವನು ಎಂಬ ಭೇದ ಆ ನಿಯಮದಲ್ಲಿಲ್ಲ. ತಂಡದ ಕ್ಲೆರಿಕ್ ಚಿಹ್ನೆ ಎತ್ತಿದ ಸುತ್ತಿನಲ್ಲಿ ನಿಮ್ಮ ಸತ್ತ ಫೈಟರ್ ವಿಸ್ಡಮ್ ಸೇವ್ ಸೋತರೆ ಎಲ್ಲರಿಗಿಂತ ಮೊದಲು ಓಡುವವನು ಅವನೇ. 5ನೇ ಹಂತದಿಂದ ಕ್ಲೆರಿಕ್ ಚಾಲೆಂಜ್ 1/2 ಮತ್ತು ಕೆಳಗಿನವರನ್ನು ನಾಶವೇ ಮಾಡುತ್ತಾನೆ. ಆಟಗಾರರ ಪಾತ್ರಕ್ಕೆ ಚಾಲೆಂಜ್ ಅಂಕಿಯೇ ಇಲ್ಲ, ಹಾಗಾಗಿ ನಾಶ ತಾಗದು ಎಂದು ವಿವರಣೆಯಲ್ಲಿ ಬರೆದಿಡಿ.

ಆಟಗಾರರ ಹಾಳೆಯಲ್ಲಿ ಟೈಪ್ ಬರುವುದು ಸ್ಪೀಶೀಸ್ ಐಟಂನಿಂದ, ಮತ್ತು ಒಂದು ಪಾತ್ರಕ್ಕೆ ಅಂಥ ಐಟಂ ಒಂದೇ. ಮೊದಲಿಂದಲೂ ಸತ್ತವನಾದರೆ ಹೊಸ ಸ್ಪೀಶೀಸ್ ಐಟಂ ಮಾಡಿ: ಟೈಪ್ ಅನ್‌ಡೆಡ್, ವೇಗ 30, ಡಾರ್ಕ್‌ವಿಷನ್ 60, ಅಡ್ವಾನ್ಸ್‌ಮೆಂಟ್ ಪುಟದಲ್ಲಿ ಸೈಜ್ ಒಂದು, ಟ್ರೇಟ್ ಒಂದು. ಟ್ರೇಟ್‌ನೊಳಗೆ ಡ್ಯಾಮೇಜ್ ರೆಸಿಸ್ಟೆನ್ಸ್ ಆರಿಸಿ ಪಾಯ್ಸನ್ ಗುರುತು ಮಾಡಿ. ಆಟದ ನಡುವೆ ಸತ್ತ ಎಲ್ಫ್ ಆದರೆ ಅವನ ಹಾಳೆಯ ಮೇಲಿನ ಎಲ್ಫ್ ಐಟಂ ತೆರೆದು ಟೈಪ್ ಮಾತ್ರ ಬದಲಿಸಿ, ಉಳಿದವನ್ನು ಫೀಚರ್ ಐಟಂನಿಂದ ಕೊಡಿ. ಎಫೆಕ್ಟ್ ಅಮಾನತು ಮಾಡಿ, ಟೈಪ್ ಹಿಂದಕ್ಕೆ ಹಾಕಿದರೆ ಮತ್ತೆ ಬದುಕಿಸಬಹುದು; ನೇರ ತಿದ್ದಬೇಡಿ ಎಂದದ್ದು ಇದಕ್ಕೇ.

ಫಾರ್ಟಿಟ್ಯೂಡ್ ಕೊಡಲೇಬೇಕೆಂದರೆ ಬಳಕೆಯ ಮಿತಿ 1, ಲಾಂಗ್ ರೆಸ್ಟ್‌ಗೆ ವಾಪಸ್. ಮಿತಿಯನ್ನು ಐಟಂನಲ್ಲಿ ಮಾತ್ರ ಬರೆದು, ಆಕ್ಟಿವಿಟಿಯ ಕನ್ಸಂಪ್ಶನ್ ಪುಟದಲ್ಲಿ ‘ಐಟಂ ಯೂಸಸ್’ 1 ಎಂದು ಸೇರಿಸಿ. ಆಕ್ಟಿವಿಟಿಗೂ ಬೇರೆ ಮಿತಿ ಕೊಟ್ಟರೆ ಎರಡು ಎಣಿಕೆ ಓಡತೊಡಗಿ ಒಂದು ಖಾಲಿಯಾದಾಗ ಇನ್ನೊಂದು ಉಳಿದಿರುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. ಐಟಂ ಹೆಸರು ಕನ್ನಡದಲ್ಲಿಟ್ಟರೆ ಏನೂ ತೊಂದರೆಯಿಲ್ಲ, ಹಾಳೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಐಡೆಂಟಿಫೈಯರ್ ಖಾನೆ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಅಡಿಗೆರೆ ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ. ಅದನ್ನು ಖಾಲಿ ಬಿಡದೆ ನೀವೇ ತುಂಬಿ.

ಪರೀಕ್ಷೆ

ಖಾಲಿ ದೃಶ್ಯದಲ್ಲಿ ಮೂವರು ಕಾವಲುಗಾರರನ್ನು ನಿಲ್ಲಿಸಿ, ಎದುರಿಗೆ ಗದೆ ಹಿಡಿದ ಒಬ್ಬನನ್ನು. ಗದೆಯ ಪೆಟ್ಟು 5 ಬಿದ್ದರೆ ಚಾಟ್ ಕಾರ್ಡಿನ ಡ್ಯಾಮೇಜ್ ತಟ್ಟೆಯಲ್ಲಿ ಸ್ಕೆಲಿಟನ್ ಎದುರು 10 ತೋರಿಸಬೇಕು, ಉಳಿದಿಬ್ಬರಿಗೆ 5. ವಿಷ ಸವರಿದ ಬಾಣದಲ್ಲಿ ಚುಚ್ಚುವ ಪೆಟ್ಟು 4, ವಿಷ 6 ಎಂದು ಎರಡು ಭಾಗ ಮಾಡಿ ಹೊಡೆಸಿ. ಬದುಕಿದ್ದವನಿಗೆ 10, ಸತ್ತವರಿಗೆ 4. ಚಾಟ್‌ನಲ್ಲಿ ಬರೀ 1ಡಿ6 ಎಂದು ಟೈಪ್ ಮಾಡಿ ಉರುಳಿಸಿದರೆ ಇದು ಯಾವುದೂ ನಡೆಯುವುದಿಲ್ಲ, ಆ ಪೆಟ್ಟಿಗೆ ವಿಧವೇ ಇರುವುದಿಲ್ಲ.

ಆಮೇಲೆ ದೃಶ್ಯವನ್ನು ಕತ್ತಲು ಮಾಡಿ. ಹಾಳೆಯಲ್ಲಿ ಡಾರ್ಕ್‌ವಿಷನ್ 60 ಇದ್ದರೂ ಟೋಕನ್‌ಗೆ (ದೃಶ್ಯದಲ್ಲಿ ಪಾತ್ರವನ್ನು ತೋರಿಸುವ ಬಿಲ್ಲೆ) ಏನೂ ಕಾಣದಿರಬಹುದು. ಹಾಳೆಯ ಇಂದ್ರಿಯ ಬೇರೆ, ಟೋಕನ್ನಿನ ಕಣ್ಣು ಬೇರೆ. ಪ್ರೋಟೊಟೈಪ್ ಟೋಕನ್ ತೆರೆದು ವಿಷನ್ ಚಾಲೂ ಮಾಡಿ, ದೂರ 60, ಬಗೆ ಡಾರ್ಕ್‌ವಿಷನ್ ಎಂದು ಹಾಕಬೇಕು. ಪ್ರೋಟೊಟೈಪ್ ತಿದ್ದಿದ್ದು ಈಗಾಗಲೇ ದೃಶ್ಯದಲ್ಲಿ ನಿಂತಿರುವ ಟೋಕನ್‌ಗಳಿಗೆ ತಲುಪುವುದಿಲ್ಲ. ಅಳಿಸಿ ಮತ್ತೆ ಎಳೆಯಿರಿ.

ಅದೇ ಕಿಟಕಿಯಲ್ಲಿ ‘ಲಿಂಕ್ ಆಕ್ಟರ್ ಡೇಟಾ’ ಕೂಡ ಇದೆ. ಜಾಂಬಿ ಹಿಂಡಿಗೆ ಅದರ ಟಿಕ್ ತೆಗೆದಿರಬೇಕು. ಇದ್ದರೆ ಹನ್ನೆರಡು ಜಾಂಬಿಗೂ ಹಿಟ್ ಪಾಯಿಂಟ್ ಒಂದೇ ಕೊಡ: ಒಂದಕ್ಕೆ 13 ತಾಗಿದರೆ ಹನ್ನೆರಡೂ ಒಟ್ಟಿಗೆ ಬೀಳುತ್ತವೆ, ಒಂದು ಸೇವ್ ಗೆದ್ದು 1 ಬರೆದರೆ ಹನ್ನೆರಡೂ ಒಟ್ಟಿಗೆ ಏಳುತ್ತವೆ. ಆಟಗಾರರ ಪಾತ್ರಕ್ಕೆ ಮಾತ್ರ ಆ ಟಿಕ್ ಇರಲಿ.

ಕೊನೆಗೆ, ಪಾತ್ರದ ಮೇಲೆ ಎಳೆದ ಐಟಂ ಒಂದು ನಕಲು. ಮೂಲದಲ್ಲಿ ಪಾಯ್ಸನ್ಡ್ ಕಾಗುಣಿತ ಸರಿಪಡಿಸಿದರೆ ಮೊದಲೇ ಎಬ್ಬಿಸಿದ ಹೆಣಗಳಲ್ಲಿ ಹಳೆಯ ತಪ್ಪು ಹಾಗೇ ಇರುತ್ತದೆ, ಪ್ರತಿಯೊಂದರಿಂದ ಐಟಂ ಕಿತ್ತು ಹೊಸದು ಹಾಕಬೇಕು. ಆದ್ದರಿಂದ ಮೂರು ಕಾವಲುಗಾರರ ಪರೀಕ್ಷೆ ಪೂರ್ತಿ ಪಾಸಾದ ಮೇಲೆಯೇ ಎರಡೂ ಐಟಂಗಳನ್ನು ನಿಮ್ಮದೇ ಕಂಪೆಂಡಿಯಂಗೆ ಸೇರಿಸಿ, ಬೀಗ ಹಾಕಿ, ಐಟಮ್ಸ್ ಪಟ್ಟಿಯಲ್ಲಿ ಬಲ ಗುಂಡಿಯ ಪಟ್ಟಿಯಿಂದ ‘ಎಕ್ಸ್‌ಪೋರ್ಟ್ ಡೇಟಾ’ ಮಾಡಿ ಜೇಸನ್ ಕಡತವನ್ನು ಬೇರೆಡೆ ಇಡಿ. ಹೊಸ ವರ್ಲ್ಡ್‌ನಲ್ಲಿ ಖಾಲಿ ಫೀಚರ್ ಐಟಂ ಒಂದನ್ನು ಮಾಡಿ ಅದರ ಮೇಲೆ ‘ಇಂಪೋರ್ಟ್ ಡೇಟಾ’ ಒತ್ತಿದರೆ ಎಂಟೂ ಸಾಲು ವಾಪಸ್ ಬರುತ್ತವೆ.